ಓದುಗರ ಪ್ರಶ್ನೆ: ಶಿಸ್ತು ಎಲ್ಲಿಯವರೆಗೆ, ದೌರ್ಜನ್ಯ ಎಲ್ಲಿಂದ?

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ. ಮಗ್ಗಿ ತಪ್ಪಿದರೆ, ಹೋಂವರ್ಕ್ ಬರೆಯದಿದ್ದರೆ ನನ್ನ ಪತಿ ಬೆಲ್ಟಿನಿಂದ ಹೊಡೆಯುತ್ತಾರೆ. ಕಳೆದ ತಿಂಗಳು ಬೆನ್ನ ಮೇಲೆ ಬಾಸುಂಡೆ ಎದ್ದಿದ್ದರಿಂದ ಎರಡು ದಿನ ಅವನನ್ನು ಶಾಲೆಗೆ ಕಳುಹಿಸಲಿಲ್ಲ. ಕೇಳಿದರೆ, "ನನ್ನಪ್ಪ ಹೀಗೆ ಹೊಡೆದು ಬೆಳೆಸಿದ್ದಕ್ಕೇ ನಾನು ಎಂಜಿನಿಯರ್ ಆದೆ, ನಾನೇನು ಹಾಳಾದೆನೇ?" ಎನ್ನುತ್ತಾರೆ. ಅವರಿಗೆ ಮಗನ ಮೇಲೆ ಪ್ರೀತಿಯಿಲ್ಲವೆಂದು ಹೇಳಲಾರೆ. ನಾನೂ ತಾಳ್ಮೆಗೆಟ್ಟು ಒಂದೆರಡು ಸಲ ಕೆನ್ನೆಗೆ ಹೊಡೆದಿದ್ದೇನೆ. ಇದರಲ್ಲಿ ಶಿಸ್ತು ಯಾವುದು, ದೌರ್ಜನ್ಯ ಯಾವುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಬಾಸುಂಡೆ ಎದ್ದ ಮಗುವನ್ನು ಶಿಕ್ಷಕರು ನೋಡಬಾರದೆಂದು ಎರಡು ದಿನ ಮನೆಯಲ್ಲಿ ಇರಿಸಿಕೊಂಡಿರಿ. ಹೋಂವರ್ಕ್ ಮುಗಿಯುವವರೆಗೆ ಆಟಕ್ಕೆ ಬಿಡಲಿಲ್ಲವೆಂಬುದನ್ನು ಯಾವ ತಂದೆ-ತಾಯಿಯೂ ಶಾಲೆಯಿಂದ ಮುಚ್ಚಿಡುವುದಿಲ್ಲ. ಆ ದಿನ ನಡೆದದ್ದು ಶಿಸ್ತಲ್ಲವೆಂದು ನಿಮ್ಮಿಬ್ಬರ ಮನಸ್ಸಿಗೂ ತಿಳಿದಿತ್ತು.

ಬೆಲ್ಟಿನ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಬೆಲ್ಟು, ವೈರು, ಲಟ್ಟಣಿಗೆ, ಸೌಟು, ಕೈಗೆ ಸಿಕ್ಕ ಯಾವುದೇ ವಸ್ತುವಿನಿಂದ ಮೈಯಲ್ಲಿ ಗುರುತು ಉಳಿಯುವಂತೆ ಹೊಡೆಯುವುದು ದೌರ್ಜನ್ಯ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ, ಮಗುವಿನ ಹೊಣೆ ಹೊತ್ತವರೇ ಅದಕ್ಕೆ ಅನಗತ್ಯವಾದ ದೈಹಿಕ ಅಥವಾ ಮಾನಸಿಕ ನೋವಾಗುವಂತೆ ಹಲ್ಲೆ ಮಾಡಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕೆ ತಂದೆ-ತಾಯಿ ಹೊರತಲ್ಲ. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಹಿಂದಿನ ದಂಡಸಂಹಿತೆಯಲ್ಲೂ ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಒಂದಿಷ್ಟು ರಕ್ಷಣೆ ಇರುವುದು ನಿಜ. ಹೊಡೆಯುವವರು ಅದನ್ನೇ ಮುಂದಿಡುತ್ತಾರೆ. ಆದರೆ ಬೇಕೆಂದೇ ತೀವ್ರವಾಗಿ ಗಾಯಗೊಳಿಸಿದವರಿಗೆ, ಸಾವಿನಿಂದಲೋ ಅಂಥದೇ ಅಪಾಯದಿಂದಲೋ ಮಗುವನ್ನು ಉಳಿಸುವ ಸಂದರ್ಭ ಬಿಟ್ಟರೆ, ಆ ರಕ್ಷಣೆ ಇಲ್ಲ. ಶಾಲೆಯ ಮಟ್ಟಿಗಂತೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು 2010ರಿಂದಲೇ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ಛಡಿ ಚಂ ಚಂ, ವಿದ್ಯೆ ಘಂ ಘಂ" ಎಂದು ನಗುನಗುತ್ತಾ ಹೇಳುತ್ತಿದ್ದ ನಾಡಿನಲ್ಲಿ ಮೇಷ್ಟ್ರ ಕೈಯಿಂದ ಛಡಿಯನ್ನು ಕಾನೂನು ತೆಗೆದಿರುವಾಗ, ಅದೇ ಮಗು ಮನೆಯಲ್ಲಿ ಮಗ್ಗಿಗಾಗಿ ಬೆಲ್ಟಿನ ಏಟು ತಿನ್ನುವುದನ್ನು ಹೇಗೆ ಒಪ್ಪುವುದು?

ನೀವು ಹೊಡೆದ ಕೆನ್ನೆಯೇಟಿನ ಬಗ್ಗೆಯೂ ಕೇಳಿದ್ದೀರಿ. ದಣಿದ ತಾಯಿಯ ಕೈಯಿಂದ ಒಮ್ಮೆ ಬಿದ್ದ ಏಟನ್ನೂ ತಿಂಗಳುಗಟ್ಟಲೆ ನಡೆಯುವ ಬೆಲ್ಟಿನ ಹೊಡೆತವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೂ ಅದನ್ನು ಶಿಸ್ತೆಂದು ಕರೆಯಬೇಡಿ. ಆ ಏಟು ನಿಮ್ಮ ಸಿಟ್ಟನ್ನು ಇಳಿಸಿತೇ ಹೊರತು ಮಗುವಿಗೆ ಏನನ್ನೂ ಹೇಳಿಕೊಡಲಿಲ್ಲ. ಸಿಟ್ಟು ಇಳಿದ ಮೇಲೆ ಮಗನನ್ನು ಹತ್ತಿರ ಕೂರಿಸಿಕೊಂಡು, "ನಾನು ಹೊಡೆದದ್ದು ತಪ್ಪು, ಆದರೆ ನೀನು ಬರೆಯಬೇಕಾದ್ದನ್ನು ಬರೆಯಲೇಬೇಕು" ಎಂದು ಹೇಳಿ. ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಸದರವಾಗುತ್ತೇವೆಂಬ ಭಯ ನಮ್ಮ ಮನೆಗಳಲ್ಲಿ ಬಹಳ ಇದೆ. ಹಾಗೆ ಆದದ್ದನ್ನು ನಾನು ಕಂಡಿಲ್ಲ.

ಗೆರೆ ಎಳೆಯಲು ಏಟಿನ ಜೋರನ್ನು ಅಳೆದರೆ ಸಾಲದು. ಶಿಕ್ಷೆ ಮುಗಿದ ಮೇಲೆ ಮಗುವಿಗೆ ಏನು ತಿಳಿದಿದೆ ಎಂಬುದನ್ನು ನೋಡಿ. ತಾನು ಮಾಡಿದ್ದರಲ್ಲಿ ಯಾವುದು ತಪ್ಪು, ಅದನ್ನು ಸರಿಪಡಿಸುವುದು ಹೇಗೆ, ನಾಳೆ ಏನು ಮಾಡಬೇಕು ಎಂಬುದು ತಿಳಿದಿದ್ದರೆ ಅದು ಶಿಸ್ತು. ಡೈರಿಯನ್ನು ಎಲ್ಲಿ ಬಚ್ಚಿಡಬೇಕು, ಅಂಕಪಟ್ಟಿಯ ಬಗ್ಗೆ ಯಾವ ಸುಳ್ಳು ಹೇಳಬೇಕು, ಅಪ್ಪನ ಬೈಕಿನ ಸದ್ದು ಕೇಳಿದೊಡನೆ ಯಾವ ಕೋಣೆಗೆ ಹೋಗಬೇಕು ಎಂಬುದಷ್ಟೇ ತಿಳಿದಿದ್ದರೆ ಆ ಮಗು ಕಲಿತದ್ದು ಭಯವನ್ನು. ಮೈ ಮುಟ್ಟದೆಯೂ ಇದು ನಡೆಯುತ್ತದೆ. ಊಟ ಕೊಡದಿರುವುದು, ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುವುದು, ನೆಂಟರ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸುವುದು, "ನೀನು ಹುಟ್ಟದಿದ್ದರೆ ಚೆನ್ನಾಗಿತ್ತು" ಎಂದು ದಿನವೂ ಅನ್ನುವುದು, ಇವೆಲ್ಲ ಬಾಸುಂಡೆ ಏಳಿಸದಿದ್ದರೂ ಬೆಲ್ಟಿನ ಕಡೆಗೇ ಸೇರಿದವು. ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು, ಏಕೆಂದರೆ ಈಚೆಗೆ ಮಗು ಅತ್ತರೆ ಸಾಕು, ತಾವು ಹಿಂಸೆ ಮಾಡಿದೆವೆಂದು ಹೆದರುವ ಪೋಷಕರೂ ಪತ್ರ ಬರೆಯುತ್ತಾರೆ. ಮೊಬೈಲನ್ನು ಕಿತ್ತಿಟ್ಟದ್ದಕ್ಕೆ, ಚೆಲ್ಲಿದ ಹಾಲನ್ನು ಒರೆಸೆಂದದ್ದಕ್ಕೆ, ತಂಗಿಯನ್ನು ಹೊಡೆದವನನ್ನು ಆಟದಿಂದ ಹೊರಗೆ ಕೂರಿಸಿದ್ದಕ್ಕೆ ಮಗು ಅತ್ತರೆ ಅಳಲಿ. ಆ ಅಳುವಿನಲ್ಲಿ ಅಸಮಾಧಾನವಿರುತ್ತದೆ, ಭಯವಿರುವುದಿಲ್ಲ.

ನಿಮ್ಮ ಪತಿಯ ಮಾತಿಗೆ ಬರುತ್ತೇನೆ. ಅವರು ಎಂಜಿನಿಯರ್ ಆದದ್ದು ಓದಿದ್ದರಿಂದ. ಅಂಥದೇ ಏಟು ತಿಂದು ಶಾಲೆಯನ್ನೇ ಬಿಟ್ಟವರು, ಮನೆ ಬಿಟ್ಟು ಹೋದವರು ಆ ಕಾಲದಲ್ಲಿಯೂ ಇದ್ದರು. ಅವರ ಹೆಸರನ್ನು ಹೇಳಿ ಯಾರೂ ಬೆಲ್ಟನ್ನು ಸಮರ್ಥಿಸುವುದಿಲ್ಲ. ಮಗ ಮಲಗಿರುವ, ಇಬ್ಬರಿಗೂ ಸಿಟ್ಟಿಲ್ಲದ ಒಂದು ರಾತ್ರಿ, ತನ್ನಪ್ಪನಿಗೆ ಹೆದರಿ ಹೇಳದೆ ಉಳಿಸಿಕೊಂಡ ಸಂಗತಿಗಳು ಏನಿದ್ದವು ಎಂದು ಅವರನ್ನು ಕೇಳಿ. ಒಂದು ತಿಂಗಳು ಮಗ್ಗಿಯ ಪಾಠದಿಂದ ಅವರು ದೂರವಿರಲಿ. ಹೆದರಿದ ಮಗುವಿಗೆ ತಿಳಿದ ಉತ್ತರವೂ ಬಾಯಿಗೆ ಬರುವುದಿಲ್ಲ. ಈ ನಡುವೆ ಮಗನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಕಲಿಕಾ ನ್ಯೂನತೆ ಇದೆಯೇ ಎಂದು ಶಿಕ್ಷಕರೊಡನೆ ಮಾತನಾಡಿ. ಅಕ್ಷರ, ಅಂಕಿಗಳು ನಿಜವಾಗಿಯೂ ತಲೆಗೆ ಹತ್ತದ ಮಕ್ಕಳನ್ನು ಸೋಮಾರಿಗಳೆಂದು ವರ್ಷಗಟ್ಟಲೆ ಹೊಡೆದ ಮನೆಗಳನ್ನು ನಾನು ಬಲ್ಲೆ. ಸಿಟ್ಟು ತಮ್ಮ ಹಿಡಿತಕ್ಕೆ ಸಿಗುತ್ತಿಲ್ಲವೆಂದು ಪತಿಗೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇಷ್ಟಾದರೂ ಬೆಲ್ಟು ಕೆಳಗಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಕೈ ನಿಮ್ಮ ಮೇಲೂ ಏಳುತ್ತಿದ್ದರೆ ಮಹಿಳಾ ಸಹಾಯವಾಣಿ 181 ಇದೆ.

ಪ್ರಶ್ನೆ: ಆರು ವರ್ಷದ ಮೊಮ್ಮಗಳು ಇನ್ನೂ ರಾತ್ರಿ ಹಾಸಿಗೆಯಲ್ಲಿ ಮೂತ್ರ ಮಾಡುತ್ತಾಳೆ. ಸೊಸೆ ಬೆಳಿಗ್ಗೆ ಅವಳನ್ನು ಒದ್ದೆ ಬಟ್ಟೆಯಲ್ಲಿಯೇ ಬಾಗಿಲಲ್ಲಿ ನಿಲ್ಲಿಸುತ್ತಾಳೆ, ಇನ್ನೊಮ್ಮೆ ಮಾಡಿದರೆ ಬರೆ ಹಾಕುತ್ತೇನೆಂದು ಗದರಿಸುತ್ತಾಳೆ. ನಮ್ಮ ಕಾಲದಲ್ಲಿ ಬರೆ ಹಾಕುತ್ತಿದ್ದುದುಂಟು. ಇದು ತಪ್ಪೇ?
– ಹಿರಿಯ ಓದುಗರು, ಗದಗ

ಉತ್ತರ: ತಪ್ಪು, ಅಮ್ಮ. ಎಚ್ಚರದಲ್ಲಿ ಬೇಕೆಂದು ಮಾಡಿದ ತಪ್ಪಿಗೆ ಶಿಸ್ತು ಬೇಕಾಗಬಹುದು. ನಿದ್ದೆಯಲ್ಲಿ ತನಗೆ ಅರಿವಿಲ್ಲದೆ ಆದದ್ದಕ್ಕೆ ಯಾವ ಶಿಕ್ಷೆಯೂ ಸಲ್ಲದು. ರಾತ್ರಿ ಮೂತ್ರ ತಡೆದುಕೊಳ್ಳುವ ಶಕ್ತಿ ಎಲ್ಲ ಮಕ್ಕಳಿಗೂ ಒಂದೇ ವಯಸ್ಸಿನಲ್ಲಿ ಬರುವುದಿಲ್ಲ, ಆರನೆಯ ವಯಸ್ಸಿನಲ್ಲಿ ಇದು ಅಪರೂಪವೂ ಅಲ್ಲ, ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಹೀಗೆ ಇದ್ದರೆ ಮಕ್ಕಳಿಗೂ ಬರುವುದು ಹೆಚ್ಚು. ನಿಮ್ಮ ಮಗ ಆ ವಯಸ್ಸಿನಲ್ಲಿ ಹೇಗಿದ್ದನೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಸೊಸೆಗೆ ಹೇಳಿ. ಮಲಬದ್ಧತೆ, ಮೂತ್ರದ ಸೋಂಕು ಇದೆಯೇ ಎಂದು ಮಕ್ಕಳ ವೈದ್ಯರು ನೋಡಲಿ. ತಿಂಗಳುಗಟ್ಟಲೆ ಒಣಗಿದ ಹಾಸಿಗೆಯಲ್ಲಿ ಏಳುತ್ತಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಮೂತ್ರ ಮಾಡತೊಡಗಿದ್ದರೆ ತಡಮಾಡಬೇಡಿ. ಮಧುಮೇಹದಿಂದಲೂ ಆಗಬಹುದು, ಮಗುವಿಗೆ ಯಾರಿಂದಲೋ ತೊಂದರೆ ಆಗುತ್ತಿರುವುದರಿಂದಲೂ ಆಗಬಹುದು. ಬರೆ ಹಾಕುವುದೆಂದರೆ ಮಗುವಿನ ಮೈ ಸುಡುವುದು. ರೂಢಿಯೆಂಬ ಕಾರಣಕ್ಕೆ ಅದು ಮದ್ದಾಗುವುದಿಲ್ಲ, ಅದು ಅಪರಾಧ. ಬಾಗಿಲಲ್ಲಿ ನಿಲ್ಲಿಸುವುದೂ ಇಂದಿಗೇ ನಿಲ್ಲಲಿ.

ಪ್ರಶ್ನೆ: ಪಕ್ಕದ ಫ್ಲ್ಯಾಟಿನಿಂದ ಹೆಚ್ಚುಕಡಿಮೆ ಪ್ರತಿ ರಾತ್ರಿ ಹೊಡೆತದ ಸದ್ದು, ಮಗುವಿನ ಚೀರಾಟ ಕೇಳಿಸುತ್ತದೆ. ಮಗುವಿಗೆ ನಾಲ್ಕು ವರ್ಷವಿರಬಹುದು. ಕಿವಿಯ ಹಿಂದೆ ಕಂದಿದ ಗುರುತು ನೋಡಿದ್ದೇನೆ. ಅವರ ಮನೆಯ ವಿಷಯಕ್ಕೆ ನಾನು ತಲೆಹಾಕಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಲೆಹಾಕಲೇಬೇಕು. ಓಡಾಡಿ ಬೀಳುವ ಮಕ್ಕಳಿಗೆ ಗಾಯವಾಗುವುದು ಹೆಚ್ಚಾಗಿ ಮೊಣಕಾಲು, ಮುಂಗಾಲು, ಹಣೆಯಲ್ಲಿ. ಕಿವಿ, ಕುತ್ತಿಗೆ, ಹೊಟ್ಟೆ, ಬೆನ್ನಿನ ಮೇಲೆ ಕಂದಿದ ಗುರುತು ಕಂಡರೆ ವೈದ್ಯರು ಮೊದಲು ಹೊಡೆತವನ್ನೇ ಅನುಮಾನಿಸುತ್ತಾರೆ. ಇನ್ನೂ ಅಂಬೆಗಾಲಿಡದ ಕೂಸಿನ ಮೈಯಲ್ಲಿ ಎಲ್ಲಿಯೇ ಕಂದಿದ್ದರೂ ಅನುಮಾನಿಸುತ್ತಾರೆ. ನೀವೇ ಹೋಗಿ ಬಾಗಿಲು ಬಡಿದು ಜಗಳವಾಡಿದರೆ ಆ ಸಿಟ್ಟೂ ರಾತ್ರಿ ಮಗುವಿನ ಮೇಲೆಯೇ ಬೀಳಬಹುದು. ಉಚಿತವಾಗಿ ಹಗಲು ರಾತ್ರಿ ಸಿಗುವ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕೇಳಿಸಿದ್ದನ್ನೂ ಕಂಡದ್ದನ್ನೂ ದಿನ, ಸಮಯದೊಂದಿಗೆ ತಿಳಿಸಿ, ನಿಮ್ಮ ಹೆಸರು ಹೊರಬರಬಾರದೆಂದು ಹೇಳಿ. ದೌರ್ಜನ್ಯವನ್ನು ಸಾಬೀತುಪಡಿಸುವ ಹೊಣೆ ನಿಮ್ಮದಲ್ಲ. ಮಗುವನ್ನು ತಾಯಿಯಿಂದ ಕಿತ್ತುಕೊಂಡುಹೋಗುತ್ತಾರೆಂಬ ಅಳುಕಿನಿಂದ ಎಷ್ಟೋ ಜನ ಸುಮ್ಮನಾಗುತ್ತಾರೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ. ಮಗು ಮನೆಯಲ್ಲಿ ಸುರಕ್ಷಿತವಾಗಿರಲು ಸಾಧ್ಯವೇ ಎಂಬುದನ್ನು ಮಕ್ಕಳ ಕಲ್ಯಾಣ ಸಮಿತಿ ಮೊದಲು ನೋಡಬೇಕು. ಚೀರಾಟ ಕೇಳುತ್ತಿರುವಾಗಲೇ ಮಗುವಿನ ಪ್ರಾಣಕ್ಕೆ ಅಪಾಯವೆನ್ನಿಸಿದರೆ ಬೆಳಗಾಗುವವರೆಗೆ ಕಾಯದೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ.