ಬೆಂಗಳೂರಿನ ಬಾರ್ಬೆಕ್ಯೂ ಹೋಟೆಲ್‌ಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಕೊಟ್ಟ ದುಡ್ಡಿಗೆ ಮೋಸ ಇಲ್ವಾ?

ಹಾಸನದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ಇಬ್ಬರಿಗೂ ಬಾಡೂಟ ಅಂದರೆ ಪ್ರಾಣ, ಟೇಬಲ್ ಮೇಲೇ ಕೆಂಡ ಇಡುವ ಹೋಟೆಲ್‌ಗೆ ಕರೆದುಕೊಂಡು ಹೋಗಲಾ ಎಂದು ಕೇಳಿದ್ದೀರಿ. ನಾನು ಇದೇ ಕೆಲಸ ಮಾಡಿ ಅಪ್ಪನ ಹತ್ತಿರ ಬೈಸಿಕೊಂಡವನು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮಪ್ಪ ಮಂಡ್ಯ ಕಡೆಯವರು. ಮೂರು ವರ್ಷದ ಹಿಂದೆ ಒಂದು ಭಾನುವಾರ ರಾತ್ರಿ ಅಂಥದೇ ಒಂದು ಹೋಟೆಲ್‌ಗೆ ಕರೆದುಕೊಂಡು ಹೋದೆ. ಕೂತ ಐದೇ ನಿಮಿಷಕ್ಕೆ ಹುಡುಗನೊಬ್ಬ ಕೆಂಡ ತುಂಬಿದ ಕಬ್ಬಿಣದ ತೊಟ್ಟಿಯನ್ನು ಟೇಬಲ್ ನಡುವಿನ ಗುಂಡಿಗೆ ಇಳಿಸಿದ. ಅದರ ಮೇಲೆ ಕಂಬಿಗೆ ಪೋಣಿಸಿದ ಚಿಕನ್, ಮೀನು, ಸಿಗಡಿ ಸಾಲಾಗಿ ಇಟ್ಟ. ಮಸಾಲೆ ಎಣ್ಣೆ ಸವರಲು ಒಂದು ಬ್ರಷ್ ತಂದು ಅಪ್ಪನ ಮುಂದಿಟ್ಟ. ಅಪ್ಪ ಬ್ರಷ್ಷನ್ನು ನೋಡಿದರು, ನನ್ನನ್ನು ನೋಡಿದರು. “ಅಲ್ಲಾ ಕಣ್ಲಾ, ಇಷ್ಟು ದುಡ್ಡು ಕೊಟ್ಟು ನಾವೇ ಬೇಯಿಸ್ಕಂಡು ತಿನ್ಬೇಕಾ?”

ನಿಜ ಹೇಳಬೇಕೆಂದರೆ ಬೇಯಿಸುವ ಕೆಲಸ ಅಲ್ಲಿ ಇಲ್ಲವೇ ಇಲ್ಲ. ಕಂಬಿಯಲ್ಲಿ ಬರುವುದೆಲ್ಲ ಹೆಚ್ಚುಕಡಿಮೆ ಅಡುಗೆಮನೆಯಲ್ಲೇ ಬೆಂದಿರುತ್ತದೆ. ಟೇಬಲ್ಲಿನ ಕೆಂಡ ಇರುವುದು ಬಿಸಿ ಆರದಿರಲಿ ಅಂತ, ಮತ್ತೆ ಸ್ವಲ್ಪ ನೋಟಕ್ಕೆ. ಇದು ಗೊತ್ತಿಲ್ಲದೆ ನಾವೆಲ್ಲ “ಇನ್ನೂ ಸ್ವಲ್ಪ ಬೇಯಲಿ” ಎಂದು ಬಿಟ್ಟೆವು. ಚಿಕನ್ ನಾರಾಯಿತು. ಸಿಗಡಿ ರಬ್ಬರ್ ಆಯಿತು. ಹಾಗಾಗಿ ಮೊದಲನೇ ಮಾತು: ಕಂಬಿ ಬಂದ ಕೂಡಲೇ ಎಳೆದುಕೊಂಡು ತಿನ್ನಿ. ಸಿಗಡಿಯನ್ನಂತೂ ಕೆಂಡದ ಮೇಲೆ ಮರೆಯಲೇಬೇಡಿ.

ಈ ಟೇಬಲ್ ಕೆಂಡದ ಪದ್ಧತಿಯನ್ನು ನಮ್ಮಲ್ಲಿ ಮನೆಮಾತು ಮಾಡಿದ್ದು ಬಾರ್ಬೆಕ್ಯೂ ನೇಷನ್. 2006ರಲ್ಲಿ ಮುಂಬೈಯಲ್ಲಿ ಶುರುವಾಗಿದ್ದು. ಹೈದರಾಬಾದಿನ ಆಬ್ಸಲ್ಯೂಟ್ ಬಾರ್ಬೆಕ್ಯೂಸ್ ಆಮೇಲೆ ಬಂತು. ಈಗ ಇದೇ ಮಾದರಿಯ ಹೋಟೆಲ್‌ಗಳು ಬೇಕಾದಷ್ಟಿವೆ, ಲೆಕ್ಕಾಚಾರ ಎಲ್ಲ ಕಡೆ ಒಂದೇ. ತಲೆಗಿಷ್ಟು ಎಂದು ದುಡ್ಡು, ತಿಂದಷ್ಟು ಊಟ. ಟೇಬಲ್ ಮೇಲೆ ಪುಟ್ಟ ಬಾವುಟ ಇರುತ್ತದೆ. ಅದು ನಿಂತಿರುವ ತನಕ ಸ್ಟಾರ್ಟರ್ ಬರುತ್ತಲೇ ಇರುತ್ತದೆ, ಮಲಗಿಸಿದರೆ ನಿಲ್ಲುತ್ತದೆ.

ಈ ಬಾವುಟದ ಆಟದಲ್ಲಿ ಸೋಲುವವರು ಸಾಮಾನ್ಯವಾಗಿ ನಾವೇ. ಮೊದಲು ಬರುವುದು ಏನು ಹೇಳಿ? ಕರಿದ ಜೋಳ, ಮೇಲೆ ಬಿಳಿ ಸಾಸ್ ಸುರಿದ ಕೇಜನ್ ಆಲೂಗಡ್ಡೆ. ಎರಡೂ ರುಚಿಯಾಗಿರುತ್ತವೆ, ಅದೇ ತೊಂದರೆ. ಆಲೂಗಡ್ಡೆಯಲ್ಲೇ ಹೊಟ್ಟೆ ತುಂಬಿಸಿಕೊಂಡು ಮಟನ್ ಬರುವ ಹೊತ್ತಿಗೆ ಬೆಲ್ಟ್ ಸಡಿಲಿಸಿ ಕೂತವರನ್ನು ನಮ್ಮ ಆಫೀಸಿನಲ್ಲೇ ಎಷ್ಟೋ ಜನರನ್ನು ನೋಡಿದ್ದೇನೆ. ನಾನು ಒಂದೊಂದೇ ತುಂಡು ರುಚಿ ನೋಡಿ, ಹುಡುಗನನ್ನು ಕರೆದು “ಮಟನ್ ಸೀಖ್, ಚಿಕನ್ ಲೆಗ್ ಬಿಸಿಯಾಗಿ ತನ್ನಿ ಅಣ್ಣ” ಎನ್ನುತ್ತೇನೆ. ಕೇಳಿದರೆ ತಂದುಕೊಡುತ್ತಾರೆ, ನಾಚಿಕೆ ಬೇಡ. ಕೊನೆಯಲ್ಲಿ ಸುಟ್ಟ ಅನಾನಸ್ ಸಿಕ್ಕರೆ ಬಿಡಬೇಡಿ. ಬಫೆಯ ಬಿರಿಯಾನಿ ಬಗ್ಗೆ ಏನೂ ಹೇಳುವುದಿಲ್ಲ, ನಮ್ಮ ಟೇಬಲ್ಲಿನಲ್ಲಿ ಯಾರೂ ಅಲ್ಲಿತನಕ ಹೋಗಿದ್ದೇ ಇಲ್ಲ.

ಮನೆಯಲ್ಲಿ ಸಸ್ಯಾಹಾರಿಗಳು ಇದ್ದರೆ ಬುಕ್ ಮಾಡುವಾಗಲೇ ಹೇಳಿ. ಒಂದೇ ಕೆಂಡದ ಮೇಲೆ ಪನೀರ್, ಪಕ್ಕದಲ್ಲೇ ಮೀನು ಇಟ್ಟರೆ ಕೆಲವರು ಅಲ್ಲಿಂದಲೇ ಎದ್ದುಬಿಡುತ್ತಾರೆ. ದೊಡ್ಡ ಟೇಬಲ್ ಆದರೆ ಬೇರೆ ತೊಟ್ಟಿ ಕೇಳಬಹುದು.

ಇನ್ನು ದುಡ್ಡು. ವಾರದ ನಡುವೆ ಮಧ್ಯಾಹ್ನ ಹೋದರೆ ಕಡಿಮೆ, ಶನಿವಾರ-ಭಾನುವಾರ ರಾತ್ರಿ ಜಾಸ್ತಿ. ಊಟ ಅದೇ, ಗಲಾಟೆ ಮಾತ್ರ ಡಬಲ್. ಯಾರದೋ ಬರ್ತ್‌ಡೇ ಎಂದು ಹತ್ತು ನಿಮಿಷಕ್ಕೊಮ್ಮೆ ಹುಡುಗರೆಲ್ಲ ಸೇರಿ ಚಪ್ಪಾಳೆ ತಟ್ಟಿ ಹಾಡುತ್ತಾರೆ. ಬಿಲ್ಲನ್ನು ಓದಿ. ಊಟದ ಬೆಲೆಯ ಮೇಲೆ 5% ಜಿಎಸ್‌ಟಿ ಸರಿ. ಸರ್ವಿಸ್ ಚಾರ್ಜ್ ಬೇರೆ. ಅದನ್ನು ತಾನೇ ತಾನಾಗಿ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರದ ಗ್ರಾಹಕ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನನಗೆ ಒಂದು ಕಡೆ ಸೇರಿಸಿಕೊಟ್ಟಿದ್ದರು. ಮ್ಯಾನೇಜರನ್ನು ಕರೆದು ತೋರಿಸಿದೆ, ಮುಖ ಗಂಟಿಕ್ಕಿಕೊಂಡೇ ತೆಗೆದ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅವತ್ತು ಅವರ ಬೇಜಾರು ದುಡ್ಡಿನದಷ್ಟೇ ಆಗಿರಲಿಲ್ಲ. “ಕೆಂಡ ಐತೆ, ಕೆಂಡದ ರುಚಿ ಎಲ್ಲಿ?” ಎಂದರು ಕಾರಿನಲ್ಲಿ. ನಮ್ಮ ಊರಿನಲ್ಲಿ ಮರಿ ಕಡಿದ ದಿನ ತಾತ ಈಲಿಯನ್ನು, ಅದೇ ಲಿವರ್, ಹಸಿ ಕಡ್ಡಿಗೆ ಚುಚ್ಚಿ ಒಲೆಯ ಕೆಂಡದಲ್ಲಿ ಸುಡುತ್ತಿದ್ದರು. ಉಪ್ಪು, ಅಷ್ಟೇ. ಸಾರು ಬೇಯುವ ತನಕ ಮಕ್ಕಳು ಗಲಾಟೆ ಮಾಡದಿರಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಚೂರು. ಅದನ್ನು ತಿಂದು ಬೆಳೆದವರಿಗೆ ಮಸಾಲೆ, ಮೇಯನೇಸ್ ಹಚ್ಚಿದ ಚಿಕನ್ ಸಪ್ಪೆ ಅನ್ನಿಸುವುದು ಸಹಜ, ಅಲ್ವಾ? ಇನ್ನೊಂದು ವಿಷಯ: ನಮ್ಮ ಕಡೆ ಕಬಾಬ್ ಅಂದರೆ ಎಣ್ಣೆಯಲ್ಲಿ ಕರಿದ ಕೆಂಪು ಚಿಕನ್. ಅದು ಬರುತ್ತದೆ ಎಂದು ಕಾಯುತ್ತಾ ಕೂತಿದ್ದರು ಪಾಪ.

ಮರುದಿನ ಸಂಜೆ ಆಟೊ ಹಿಡಿದು ಶಿವಾಜಿನಗರಕ್ಕೆ ಕರೆದುಕೊಂಡು ಹೋದೆ. ರಸೆಲ್ ಮಾರ್ಕೆಟ್ ಹತ್ತಿರ ರಸ್ತೆ ಬದಿಯಲ್ಲೇ ಉದ್ದನೆಯ ಕೆಂಡದ ಒಲೆಗಳು. ಸೀಖ್ ಮಾಡುವವರು ಕೈಯನ್ನು ನೀರಿಗೆ ಅದ್ದಿ, ಖೀಮಾ ಉಂಡೆಯನ್ನು ಕಂಬಿಗೆ ಒತ್ತಿ, ಬೆರಳಲ್ಲೇ ಸವರುತ್ತಾ ಉದ್ದಕ್ಕೆ ಎಳೆಯುವುದನ್ನು ಅಪ್ಪ ಕಣ್ಣು ಮಿಟುಕಿಸದೆ ನೋಡಿದರು. ಆ ಕಂಬಿ ಚಪ್ಪಟೆ ಇತ್ತು. ದುಂಡಗಿದ್ದರೆ ತಿರುಗಿಸುವಾಗ ಕಂಬಿ ಮಾತ್ರ ತಿರುಗಿ ಖೀಮಾ ಅಲ್ಲೇ ನಿಲ್ಲುತ್ತದೆ. ಖೀಮಾದಲ್ಲಿ ಕೊಬ್ಬು ಇದ್ದೇ ಇರುತ್ತದೆ. ಅದು ಕರಗಿ ಕೆಂಡದ ಮೇಲೆ ತೊಟ್ಟಿಕ್ಕುತ್ತದೆ, ಚುಸ್ ಎಂದು ಹೊಗೆ ಏಳುತ್ತದೆ, ಆ ಹೊಗೆ ಮಾಂಸಕ್ಕೇ ಹಿಡಿಯುತ್ತದೆ. ಅಪ್ಪ ಕೇಳಿದ ಕೆಂಡದ ರುಚಿ ಅದೇ. ಟೇಬಲ್ ಮೇಲೆ ಆಗಲೇ ಬೆಂದ ಚಿಕನ್ ತುಂಡಿನಿಂದ ತೊಟ್ಟಿಕ್ಕುವಷ್ಟು ಕೊಬ್ಬು ಎಲ್ಲಿಂದ ಬರಬೇಕು?

ರೊಟ್ಟಿ, ಈರುಳ್ಳಿ, ಪುದೀನ ಚಟ್ನಿ, ನಿಂಬೆಹಣ್ಣು. ಅಪ್ಪ ನಿಂತೇ ಎರಡು ತಿಂದು, ಮೂರನೆಯದಕ್ಕೆ ತಾವೇ ಹೋಗಿ ಹೇಳಿದರು. ಒಂದು ಎಚ್ಚರಿಕೆ: ಆ ಕಡೆ ಬೀಫ್ ಸೀಖ್ ಸಾಮಾನ್ಯ. ನೀವು ತಿನ್ನದವರಾದರೆ ಮಟನ್ನೋ ಚಿಕನ್ನೋ ಎಂದು ಕೇಳಿಯೇ ತೆಗೆದುಕೊಳ್ಳಿ. ಕೂತು ತಿನ್ನಬೇಕು ಅಂದರೆ ಜಾನ್ಸನ್ ಮಾರ್ಕೆಟ್ ಬಳಿ ಫಾನೂಸ್ ಇದೆ, ಸೀಖ್ ರೋಲ್‌ಗೆ ಹೆಸರುವಾಸಿ. ರಂಜಾನ್ ತಿಂಗಳಾದರೆ ಫ್ರೇಜರ್ ಟೌನ್ ಮಾಸ್ಕ್ ರೋಡ್ ಕಡೆ ಸಂಜೆ ಸುಮ್ನೆ ಒಂದು ಸುತ್ತು ಹಾಕಿ. ಬೋರ್ಡ್‌ಗಳಲ್ಲಿ ಪುಲಕೇಶಿನಗರ ಎಂದಿರುತ್ತದೆ, ಎರಡೂ ಒಂದೇ.

ಹಾಗಾದರೆ ಬಾರ್ಬೆಕ್ಯೂ ಬಫೆ ಬೇಡವಾ? ಬೇಡ ಅನ್ನುವುದಿಲ್ಲ. ಹತ್ತು ಜನ ಸೇರಿ ಎರಡು ಗಂಟೆ ಹರಟೆ ಹೊಡೆಯಲು ಅಷ್ಟು ಸುಲಭದ ಜಾಗ ಇನ್ನೊಂದಿಲ್ಲ. ಅಮ್ಮನಿಗೆ ಅಲ್ಲಿ ತುಂಬಾ ಖುಷಿಯಾಯಿತು. ಯಾರೂ ಬಡಿಸಬೇಕಾಗಿಲ್ಲ, ಪಾತ್ರೆ ತೊಳೆಯಬೇಕಾಗಿಲ್ಲ, ಮೇಲೆ ಮೂರು ಕುಲ್ಫಿ ತಿಂದರು. ನಿಮ್ಮವರನ್ನೂ ಒಂದು ಬುಧವಾರ ಮಧ್ಯಾಹ್ನ ಕರೆದುಕೊಂಡು ಹೋಗಿ, ಮರುದಿನದ ಸಂಜೆಯನ್ನು ಶಿವಾಜಿನಗರಕ್ಕೆ ಇಟ್ಟುಕೊಳ್ಳಿ. ಆದರೆ ಎರಡು ಕಡೆಗೂ ಅಮ್ಮನಿಗೆ ರೇಷ್ಮೆ ಸೀರೆ ಬೇಡ ಎಂದು ಮೊದಲೇ ಹೇಳಿ. ನಮ್ಮಮ್ಮನ ಸೀರೆಯಲ್ಲಿ ಹೊಗೆ ವಾಸನೆ ಹೋಗಲು ವಾರ ಹಿಡಿಯಿತು, ಅದನ್ನು ಈಗಲೂ ನನಗೆ ಹೇಳುತ್ತಿರುತ್ತಾರೆ.