ಜಮೀನಿನ ಮರಗಳು ಒಂದೊಂದಾಗಿ ಒಣಗುತ್ತಿವೆ: ಔಷಧಿ ಹೊಡೆಯಲೇ, ಕಡಿಸಿಬಿಡಲೇ?

ಜಮೀನಿನ ಅಂಚಿನ ಮರಗಳು ತುದಿಯಿಂದ ಒಣಗುತ್ತಾ ಬರುತ್ತಿವೆ, ತೊಗಟೆಯಲ್ಲಿ ತೂತುಗಳಿವೆ, ರೋಗ ಹರಡುವ ಮೊದಲು ಎಲ್ಲವನ್ನೂ ಕಡಿಸಿ ಎಂದು ಪಕ್ಕದವರು ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ನಾನೂ ಮರಗಳಿರುವ ಜಮೀನನ್ನು ನೋಡಿಕೊಳ್ಳುವವನು. ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಕಾರಣ ತಿಳಿಯದೆ ಕಡಿಯುವುದಾಗಲಿ, ಔಷಧಿ ಹೊಡೆಯುವುದಾಗಲಿ ಬೇಡ.

ಮೊದಲು ನೋಡಬೇಕಾದದ್ದು ತೂತುಗಳನ್ನಲ್ಲ, ಯಾವ ಯಾವ ಮರಗಳು ಒಣಗುತ್ತಿವೆ ಎಂಬುದನ್ನು. ಒಂದೇ ಜಾತಿಯವು ಮಾತ್ರ ಸಾಯುತ್ತಾ ಪಕ್ಕದ ಬೇರೆ ಜಾತಿಗಳು ಹಸಿರಾಗಿದ್ದರೆ ಆ ಜಾತಿಗೇ ಅಂಟುವ ಕೀಟ ಅಥವಾ ರೋಗವಿರುವ ಸಂಭವ ಹೆಚ್ಚು. ಹಲವು ಜಾತಿಗಳು ಒಟ್ಟಿಗೆ ಸೊರಗಿದ್ದರೆ ನೆಲದ ಕಡೆ ನೋಡಿ: ನೀರು ನಿಂತಿತೇ, ಬರ ಬಿತ್ತೇ, ಟ್ರ್ಯಾಕ್ಟರ್ ಓಡಾಡಿ ಮಣ್ಣು ಗಟ್ಟಿಯಾಯಿತೇ, ಪೈಪಿಗಾಗಿ ಕಾಲುವೆ ತೋಡಿದರೇ, ಕಳೆನಾಶಕ ಗಾಳಿಯಲ್ಲಿ ತೇಲಿಬಂತೇ, ಬುಡಕ್ಕೆ ಮಣ್ಣು ಪೇರಿಸಿದ್ದಾರೆಯೇ. ಮರದ ಬಹುಪಾಲು ಬೇರುಗಳು ನೆಲದ ಮೇಲ್ಪದರದಲ್ಲೇ, ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಅವಕ್ಕಾದ ಪೆಟ್ಟು ಮೇಲೆ ಕಾಣಿಸಿಕೊಳ್ಳಲು ಕೆಲವು ವರ್ಷಗಳೇ ಬೇಕಾಗಬಹುದು. ಆದ್ದರಿಂದ ಈ ವರ್ಷದ್ದನ್ನಷ್ಟೇ ಅಲ್ಲ, ಹಿಂದಿನ ನಾಲ್ಕೈದು ವರ್ಷಗಳಲ್ಲಿ ಏನಾಯಿತು ಎಂಬುದನ್ನೂ ನೆನಪಿಸಿಕೊಳ್ಳಿ.

ಕೊರೆಯುವ ಹುಳುಗಳಲ್ಲಿ ಹೆಚ್ಚಿನವು ಮೊದಲೇ ಸೊರಗಿದ ಮರವನ್ನು ಹುಡುಕಿಕೊಂಡು ಬರುತ್ತವೆ. ಗಟ್ಟಿಮುಟ್ಟಾದ ಪೈನ್ ಮರ ರಾಳ ಸುರಿಸಿ ದುಂಬಿಯನ್ನು ಹೊರದಬ್ಬುತ್ತದೆ. ಬಾಯಾರಿದ ಮರಕ್ಕೆ ಆ ಶಕ್ತಿ ಇರುವುದಿಲ್ಲ. ನಿಮಗೆ ಕಾಣುತ್ತಿರುವ ತೂತುಗಳು ಬಹುಶಃ ಬೆಳೆದ ದುಂಬಿ ಹೊರಗೆ ಹಾರಿಹೋದ ದಾರಿಗಳು. ಹಾನಿ ಮಾಡುವ ಮರಿಹುಳು ತೊಗಟೆಯ ಅಡಿಯಲ್ಲಿ ಸುರಂಗ ತೋಡುತ್ತಾ, ಎಲೆಯಿಂದ ಬೇರಿಗೆ ಆಹಾರ ಇಳಿಯುವ ಪದರವನ್ನೇ ತಿನ್ನುತ್ತದೆ. ಹೊರಗಿನಿಂದ ಸಿಂಪಡಿಸಿದ ಔಷಧಿ ಅಲ್ಲಿಗೆ ತಲುಪುವುದು ಅಪರೂಪ, ಹುಳುಗಳನ್ನು ಹಿಡಿದು ತಿನ್ನುವ ಒಳ್ಳೆಯ ಕೀಟಗಳಂತೂ ಖಂಡಿತ ಸಾಯುತ್ತವೆ.

ಹೊಸದಾಗಿ ಬಂದಿಳಿದ ಕೀಟ, ಶಿಲೀಂಧ್ರಗಳ ಮಾತು ಬೇರೆ. ಅವು ಆರೋಗ್ಯವಂತ ಮರವನ್ನೂ ಕೊಲ್ಲುತ್ತವೆ. ಏಷ್ಯಾದಿಂದ ಹೋದ ಪಚ್ಚೆ ಬಣ್ಣದ ಕೊರಕ ದುಂಬಿ 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಪತ್ತೆಯಾದ ಮೇಲೆ ಕೋಟಿಗಟ್ಟಲೆ ಆ್ಯಶ್ ಮರಗಳು ಸತ್ತಿವೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರವೊಂದು ಸುಮಾರು 50 ವರ್ಷಗಳಲ್ಲಿ ಅಲ್ಲಿನ ಚೆಸ್ಟ್‌ನಟ್ ಕಾಡುಗಳನ್ನೇ ಅಳಿಸಿಹಾಕಿತು. ಹೇಗೂ ಸಾಯುತ್ತವೆ ಎಂದು ಆಗ ಆರೋಗ್ಯವಾಗಿದ್ದ ಮರಗಳನ್ನೂ ಕಡಿದರು. ರೋಗ ತಡೆದುಕೊಳ್ಳಬಲ್ಲ ಕೆಲವು ಅವುಗಳಲ್ಲಿ ಇದ್ದಿರಬಹುದು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಆದ್ದರಿಂದಲೇ ಹೇಳುತ್ತಿದ್ದೇನೆ, ಸುತ್ತ ಎಲ್ಲವೂ ಒಣಗಿದಾಗಲೂ ಹಸಿರಾಗಿ ನಿಂತಿರುವ ಮರವನ್ನು ಮುಟ್ಟಬೇಡಿ. ಮುಂದಿನ ಸಸಿಗಳಿಗೆ ಬೀಜ ಬೇಕಾದರೆ ಅದರಿಂದಲೇ ಬರಬೇಕು.

ಕಡಿಯಲೇಬೇಕಾದ ಮರಗಳೂ ಇವೆ. ಬುಡದಲ್ಲಿ ಗಟ್ಟಿ ಅಣಬೆ ಮೂಡಿದ್ದು, ಮರ ದಾರಿಗೋ ಮನೆಗೋ ವಾಲಿದ್ದರೆ ಕಾಯಬೇಡಿ; ಒಳಗೆ ಕೊಳೆತ ಮರ ಎಲೆ ತುಂಬಿರುವಾಗಲೇ ಉರುಳಬಹುದು. ಕಡಿದ ಸೌದೆಯನ್ನು ಬೇರೆ ಊರಿಗೆ ಸಾಗಿಸಬೇಡಿ, ಅದರೊಂದಿಗೆ ಹುಳುವೂ ಹೋಗುತ್ತದೆ. ಯಾರ ಮೇಲೂ ಬೀಳದ ಜಾಗದಲ್ಲಿರುವ, ಪೂರ್ತಿ ಸತ್ತು ಹಳೆಯದಾದ ಮರವನ್ನು ಮರಕುಟಿಗಗಳಿಗೆ ಬಿಡಬಹುದು.

ಈಗ ಮಾಡಬೇಕಾದ ಕೆಲಸ: ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಅಲ್ಲಿ ಜೀವವಿದೆ. ಹಸಿರು ಮುಗಿದು ಕಂದು ಶುರುವಾಗುವ ಗಡಿಯನ್ನು ಹುಡುಕಿ, ಎರಡೂ ಭಾಗ ಸೇರುವಂತೆ ತುಂಡು ಕತ್ತರಿಸಿ, ಕಾಗದದಲ್ಲಿ ಸುತ್ತಿ ಸಸ್ಯರೋಗ ಪ್ರಯೋಗಾಲಯಕ್ಕೆ ಬೇಗ ತಲುಪಿಸಿ. ಪೂರ್ತಿ ಒಣಗಿದ ಕಡ್ಡಿಯಿಂದ ಪ್ರಯೋಜನವಿಲ್ಲ. ಅದರಲ್ಲಿ ಸಿಗುವುದು ಬಹುಮಟ್ಟಿಗೆ ಸತ್ತ ಮೇಲೆ ಬಂದ ಶಿಲೀಂಧ್ರಗಳೇ.