ಖಾನಾವಳಿ ಬೋರ್ಡಿಗೆ ಬಲೂ ತಮ್ಮ ಫಾಂಟ್ ಹೊಂದುತ್ತಾ?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಖಾನಾವಳಿ ತೆರೆಯುತ್ತಿದ್ದೀರಿ, ಬೋರ್ಡಿಗೆ 'ಬಲೂ ತಮ್ಮ' ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ.

ಎಕ್ ಟೈಪ್‌ನವರು ಮಾಡಿದ ದಪ್ಪ, ದುಂಡನೆಯ ಫಾಂಟ್ ಇದು. ಇದರ ಹೊಸ ರೂಪ 'ಬಲೂ ತಮ್ಮ 2' ಗೂಗಲ್ ಫಾಂಟ್ಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ, ವ್ಯಾಪಾರಕ್ಕೂ ಬಳಸಬಹುದು. ಮೂಲೆಗಳೆಲ್ಲ ಮೆತ್ತಗೆ, ಗೆರೆ ತುಂಬಾ ದಪ್ಪ. ನಮ್ಮ ಅಕ್ಷರ ಮೊದಲೇ ದುಂಡಗೆ ಅಲ್ವಾ, ಅದಕ್ಕೇ ಕನ್ನಡಕ್ಕೆ ಚೆನ್ನಾಗಿ ಕೂರುತ್ತದೆ. ಊಟದ ಅಂಗಡಿ, ಮಕ್ಕಳ ಪುಸ್ತಕದ ರಕ್ಷಾಪುಟ, ಜಾತ್ರೆ ಬ್ಯಾನರ್‌ಗೆ ಸರಿ. ವಕೀಲರ ಬೋರ್ಡಿಗೆ ಬೇಡ, ನಗು ಬರುತ್ತದೆ!

'ಖಾನಾವಳಿ' ಅಂತ ಬರೆದು ನೋಡಿ, ಒತ್ತಕ್ಷರವೇ ಇಲ್ಲ, ದೂರದಿಂದಲೂ ಓದಬಹುದು. ಅದೇ 'ಲಕ್ಷ್ಮಿ' ಸಣ್ಣದಾಗಿ ಬರೆದರೆ ಒಳಗಿನ ಜಾಗ ಮುಚ್ಚಿ 'ಕ್ಷ್ಮಿ' ಮುದ್ದೆಯಾಗುತ್ತದೆ. ಹಾಗಾಗಿ ಹೆಸರಿಗಷ್ಟೇ ದಪ್ಪದ್ದು ಇಟ್ಟು, ರೊಟ್ಟಿ-ಪಲ್ಯದ ದರಪಟ್ಟಿಗೆ 'ಬಲೂ ತಮ್ಮ 2'ರ ತೆಳು ರೂಪ ತಗೊಳ್ಳಿ. ಅದರಲ್ಲಿ 5 ದಪ್ಪಗಳಿವೆ. ಸಾಲುಗಳ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ, ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ.

ಇನ್ನೊಂದು ಮಾತು: ಇದು ಯೂನಿಕೋಡ್ ಫಾಂಟ್, ಅಂದರೆ ಎಲ್ಲ ಭಾಷೆಗಳಿಗೂ ಇರುವ ಸಾಮಾನ್ಯ ಅಕ್ಷರ ಸಂಕೇತ ಬಳಸುವಂಥದ್ದು. ಫ್ಲೆಕ್ಸ್ ಅಂಗಡಿಯವರು ಬೇರೆ ಸಂಕೇತ ಬಳಸುವ ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರೆ ಸುಮ್ನೆ ಫಾಂಟ್ ಬದಲಿಸಿದರೆ ಆಗಲ್ಲ, ಯೂನಿಕೋಡಿಗೆ ಪರಿವರ್ತಿಸಬೇಕು.